ಸರ್ಕೊವಿಗೆ ಒಯ್ದ ನೀರು

ಪರಮ ಕರುಣಾಳುವೂ ದಯಾನಿಧಿಯೂ ಆದ ಅಲ್ಲಾಹನ ನಾಮಸ್ಮರಣೆಯೊಂದಿಗೆ —

ಹಿಜರಿ ೧೪೩೫, ರಬೀಉಲ್ ಆಖಿರ್ ೧೪. ಶುಕ್ರವಾರ, ಜಾವಾ ಪಂಚಾಂಗದ ವಾಗೆ ದಿನ. ಬೆಳಗ್ಗೆ

ಮಸೀದಿಯ ನೆಲವನ್ನು ಮತ್ತೊಮ್ಮೆ ಒರೆಸಿದೆ. ಮತ್ತೆ ಬೂದಿ. ಉದಯದ ಹೊತ್ತು ಕಳೆದರೂ ಬೆಳಕಿಲ್ಲ. ರಾತ್ರಿ ಬಾಯ್ದೆರೆದ ಕೆಲುದ್ ಅಗ್ನಿಪರ್ವತ ಇನ್ನೂ ಶಾಂತವಾದಂತಿಲ್ಲ...

ಮೇಲಿನ ಹಳ್ಳಿಯಿಂದ ಫೋನ್. ಸರ್ಕೊವಿ ತೀರಿಕೊಂಡ. ಉಸಿರಿಗೆ ಬೂದಿ ಹೊಕ್ಕಿತಂತೆ. ಮದರಸಾದಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಓದಿದವರು ನಾವು. ಅಂದೇ ಆದ ಕರಾರು: ಮೊದಲು ಹೋದವನ ದೇಹವನ್ನು ಉಳಿದವನೇ ಮೀಯಿಸತಕ್ಕದ್ದು. "ಬೇರೆಯವರ ಕೈ ತಾಗಿದ್ರೆ ನಂಗೆ ಕಚಗುಳಿ ಆಗುತ್ತೆ ಕಣೋ," ಎಂದಿದ್ದ.

ಅಲ್ಲಿಯ ಬಾವಿಗಳೆಲ್ಲ ಕೆಸರಂತೆ. ನಮ್ಮ ಮುಚ್ಚಿದ ಬಾವಿಯಿಂದ ಎರಡು ಕ್ಯಾನ್ ನೀರು ತುಂಬಿ ಸೈಕಲ್ಲಿನ ಎರಡೂ ಬದಿಗೆ ಬಿಗಿದೆ. ಮೋಟಾರುಬೈಕುಗಳು ಬೂದಿ ನುಂಗಿ ನಿಂತಲ್ಲೇ ನಿಂತಿವೆ. ಜುಮಾ ಪ್ರಾರ್ಥನೆಯನ್ನು ಬೇರೊಬ್ಬರು ನಡೆಸಲಿ.

ಅದೇ ದಿನ, ಮಧ್ಯಾಹ್ನ. ಸೇತುವೆಯ ಬಳಿ

ದಾರಿ ಯಾವುದು, ಗದ್ದೆ ಯಾವುದು — ಭೇದವಿಲ್ಲ. ಬಾಳೆಗಿಡಗಳು ಸೊಂಟ ಮುರಿದು ಬಿದ್ದಿವೆ. ಹಕ್ಕಿಯ ದನಿಯಿಲ್ಲ. ಚೈನ್ ಮಾತ್ರ ಹಲ್ಲು ಕಡಿಯುತ್ತದೆ.

ಕೆಟ್ಟ ಬೈಕನ್ನು ತಳ್ಳಿಕೊಂಡು ಇಳಿಯುತ್ತಿದ್ದ ತರುಣನೊಬ್ಬ ನಿಂತ. "ಕಿಯಾಯಿ ಗುರುವಜ್ಜಾ, ಊರೆಲ್ಲಾ ಇಳೀತಿದೆ, ನೀವೊಬ್ರೇ ಹತ್ತೋದು. ದಾರಿ ತಪ್ತಾ?"

"ನನ್ನ ಗೆಳೆಯ ಇಳಿದು ಬರಲಾರ, ಮಗಾ."

ಅವನು ಬೈಕನ್ನು ಸ್ಟ್ಯಾಂಡಿಗೆ ನಿಲ್ಲಿಸಿದ. ಬಳಿಕ ಜೇಬಿನಿಂದ ಮಾಸ್ಕ್ ತೆಗೆದ. "ಇದನ್ನ ಹಾಕ್ಕೊಳ್ಳಿ. ಬಾಯಿಗೆ ಲುಂಗಿ ಸುತ್ಕೊಂಡು ಥೇಟ್ ದರೋಡೆಕೋರನ ಹಾಗೆ ಕಾಣ್ತೀರಿ."

ಸೇತುವೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಬಿದ್ದೆ. ಒಂದು ಕ್ಯಾನ್ ಒಡೆಯಿತು. ಬೂದಿ ನೀರನ್ನು ಕುಡಿದು ಕಲ್ಲಾಯಿತು. ಉಳಿದದ್ದು ಒಂದು. ಜಿಪುಣತನದಿಂದ ಸುರಿದರೆ ಒಂದು ದೇಹಕ್ಕೆ ಸಾಕು.

ಇಳಿಹೊತ್ತಿನ ಅಸರ್ ಪ್ರಾರ್ಥನೆಯ ಬಳಿಕ. ಸರ್ಕೊವಿಯ ಮನೆ

ಅರ್ಧ ಮಾಡು ಕುಸಿದಿದೆ. ಬಿದಿರುಮಂಚದ ಮೇಲೆ ಅವನು. ರೆಪ್ಪೆಯ ಮೇಲೂ ಬೂದಿ. ನೆರೆಯ ಸೊಲ್ಕಾನ್ ಗುಂಡಿ ತೋಡಿ ಕಾಯುತ್ತಿದ್ದ.

ನಾನು ತೋಳು ಮಡಚಿ ಕ್ಯಾನಿನ ಮುಚ್ಚಳ ತಿರುಗಿಸುವಷ್ಟರಲ್ಲಿ ಹಿತ್ತಲಿನಿಂದ ಹಸು ಕೂಗಿತು. ನೀರಿನ ವಾಸನೆ ಹಿಡಿದಿತ್ತು. ತುಂಬು ಗರ್ಭ, ನಾಲಗೆ ಹೊರಚಾಚಿದೆ.

ಸರ್ಕೊವಿಯ ಮಡದಿ ತುಮಿನಕ್ಕ ಕ್ಯಾನಿನ ಮೇಲೆ ಕೈಯಿಟ್ಟಳು. "ನಿನ್ನೆ ರಾತ್ರಿಯಿಂದ ಅದು ಕೆಸರು ಮೂಸಿ ಮೂಸಿ ಬಿಡ್ತಿದೆ, ಅಣ್ಣಾ. ಇವರಿಗೆ ಇನ್ನು ಬಾಯಾರಿಕೆ ಆಗಲ್ಲ."

"ನಾನು ಮಾತು ಕೊಟ್ಟಿದ್ದೇನೆ, ತುಮಿನಕ್ಕ."

"ಗೊತ್ತು. ನಿಮ್ಮಿಬ್ಬರ ಮಾತು ಕೇಳೀ ಕೇಳೀ ನಾನು ಮುದುಕಿಯಾದೆ. ನಾಳೆಯಿಂದ ನಾನು ಬದುಕೋದು ಯಾವುದರಿಂದ, ಅದನ್ನ ಹೇಳಿ."

ಉತ್ತರ ನನಗೆ ತಿಳಿದೇ ಇತ್ತು. ಜೀವವಿರುವ ಪ್ರಾಣಿಯ ದಾಹಕ್ಕೆ ನೀರು ಬೇಕಾದಲ್ಲಿ ಮೃತನಿಗೆ ಶುದ್ಧ ಮಣ್ಣಿನ ಧೂಳೇ ಸ್ನಾನವೆಂದು ಇದೇ ಬಾಯಿಂದ ಎಷ್ಟು ವರ್ಷ ಪಾಠ ಹೇಳಿದ್ದೇನೆ. ಆದರೂ ಕೈ ಮುಚ್ಚಳವನ್ನು ಬಿಡಲೊಲ್ಲದು... ಕೊನೆಗೆ ಸೊಲ್ಕಾನನೇ ಕ್ಯಾನ್ ಎತ್ತಿಕೊಂಡು ಹಿತ್ತಲಿಗೆ ಹೋದ. ಹಸು ಕುಡಿಯುವ ಸದ್ದು ಒಳಗಿನವರೆಗೆ ಕೇಳಿತು. ಬಹಳ ಹೊತ್ತು.

ಬೆಂದ ಬೂದಿ ಈ ಕಾರ್ಯಕ್ಕೆ ಸಲ್ಲದು. ಶುದ್ಧವಾದ ಮಣ್ಣೇ ಬೇಕು. ಅಂಗಳದಲ್ಲಿ ಬೂದಿ. ತೋಡಿದ ಗುಂಡಿಯೊಳಗೂ ಬೂದಿ ಬೆರೆತು ಕೆಸರು. ನಾಡಿನಲ್ಲೆಲ್ಲ ಒಂದು ಹಿಡಿ ಒಣಮಣ್ಣು ಕಾಣೆ.

ತುಮಿನಕ್ಕ ಮಂಚದ ಕಾಲಿನ ಬಳಿ ಕುಳಿತು, ಜೋತಿದ್ದ ಚಾಪೆಯಂಚನ್ನು ಎತ್ತಿದಳು. ಮಣ್ಣಿನ ನೆಲ. ಮೇಲೆ ಕೆಂಪು ಧೂಳು, ಬೆರಳು ಹೂಳುವಷ್ಟು.

"ಮಂಚದಡಿ ಗುಡಿಸು, ಮಂಚದಡಿ ಗುಡಿಸು ಅಂತ ಮದುವೆಯಾದಾಗಿಂದ ಇವರು ಬೈತಿದ್ರು," ಎಂದಳು. "ಒಂದು ದಿನಾನೂ ಗುಡಿಸ್ಲಿಲ್ಲ."

ಸೊಲ್ಕಾನ್ ನಕ್ಕುಬಿಟ್ಟ. ಅವಳೂ. ಆಮೇಲೆ ಅವಳು ಗೋಡೆಯ ಕಡೆ ತಿರುಗಿದಳು.

ಅಂಗೈ ಊರಿ ಧೂಳು ತೆಗೆದುಕೊಂಡೆ. ಅವನ ಮುಖವನ್ನು ಸವರಿದೆ. ಮತ್ತೊಮ್ಮೆ ತೆಗೆದುಕೊಂಡು ಮೊಣಕೈವರೆಗೆ ಕೈಗಳನ್ನು ಸವರಿದೆ. ಅವನಿಗೆ ಕಚಗುಳಿಯಾಗಲಿಲ್ಲ.

ಭಾನುವಾರ, ಲೆಗಿ. ಸ್ವಗೃಹ

ನಿನ್ನೆ ಬರೆಯಲು ಕೈ ಏಳಲಿಲ್ಲ. ವಿಧಿ ನೆರವೇರಿತು, ಲೋಪವಿಲ್ಲ. ಮೀಯಿಸುತ್ತೇನೆಂದ ಮಾತು ಮಾತ್ರ ಹಾಗೆಯೇ ಉಳಿಯಿತು. ಅದಕ್ಕೆ ಗ್ರಂಥಗಳಲ್ಲಿ ಪರಿಹಾರ ಹುಡುಕುವ ಮನಸ್ಸಿಲ್ಲ.

ಸ್ವಾಮಿ, ಸರ್ಕೊವಿಯ ಗೋರಿಯನ್ನು ವಿಶಾಲವಾಗಿಸು. ತುಮಿನಕ್ಕನಿಗೆ ಮಾಡನ್ನೂ ನಿದ್ದೆಯನ್ನೂ ದಯಪಾಲಿಸು. ತೋಡಿದವನ ಕೈಗೆ ಬಲ ಕೊಡು. ಬೈಕು ತಳ್ಳಿಕೊಂಡು ಇಳಿದ ಆ ಮಗುವನ್ನು ಮನೆ ಸೇರಿಸು. ಹಸು ಸುಖವಾಗಿ ಕರು ಹಾಕಲಿ. ಬೂದಿ ಹೊದ್ದ ಸಮಸ್ತ ಜೀವಿಗಳಿಗೂ ಶಾಂತಿಯಿರಲಿ, ಮತ್ತು ಆ ಪರ್ವತಕ್ಕೂ —