ಔಷಧಿ ಊದಿದ ವಿದ್ವಾಂಸ

ಮನ್ನಾರ್‌ಗುಡಿ
೨೨ ಜನವರಿ ೨೦೨೩

ಚಿರಂಜೀವಿ ತಮ್ಮ ಸಿಂಗಾರವೇಲನಿಗೆ ಅಣ್ಣ ವೈತಿಲಿಂಗನ ಆಶೀರ್ವಾದಗಳು.

ಮಗಳ ಮದುವೆಗೆ ಜೊತೆಯಲ್ಲಿ ಕೂತು ನಾಗಸ್ವರ ನುಡಿಸೋಣ ಬಾ ಎಂದು ನೀನು ಬರೆದು ಎರಡು ತಿಂಗಳಾಯಿತು. ಹನ್ನೊಂದು ವರ್ಷ ಮಾತಿಲ್ಲದಿದ್ದರೂ ನೀನೇ ಮೊದಲು ಬರೆದೆ, ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅಣ್ಣನಿಗೆ ಇನ್ನೂ ಕೊಬ್ಬು ಇಳಿದಿಲ್ಲ ಎಂದುಕೊಂಡಿರುತ್ತೀಯ. ಕೊಬ್ಬಲ್ಲ ಕಣೋ, ಉಬ್ಬಸ.

ಬೆಳಗ್ಗೆ ಸಂಜೆ ಇನ್‌ಹೇಲರ್ ಒತ್ತಿ ಮೆಲ್ಲಗೆ ಎಳೆದುಕೊಳ್ಳುತ್ತಿದ್ದೆ. ದೀಪಾವಳಿ ಹೊತ್ತಿಗೆ ಅದು ನಾಟದಾಯಿತು. ಹೊಸ ಡಾಕ್ಟರಮ್ಮ ನಾನು ಎಳೆಯುವುದನ್ನು ನೋಡಿ, "ತಾತಾ, ಒತ್ತೋದೇ ಒಂದು ಹೊತ್ತು, ಎಳೆಯೋದೇ ಇನ್ನೊಂದು ಹೊತ್ತು. ನಿಮ್ಗೆ ತಾಳ ಕೂಡ್ತಿಲ್ಲ" ಎಂದಳು. ಐವತ್ತು ವರ್ಷ ತವಿಲ್ ಡೋಲಿನ ತಾಳದ ಜೊತೆ ಊದಿದ ನನಗೆ ಈ ಮಾತು. ನಿನ್ನ ಅತ್ತಿಗೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಹೀಗೆ ಔಷಧಿ ಬದಲಾಯಿತು. ಹೊಸದು ದಿನಕ್ಕೊಂದೇ ಸಲ. ಪುಡಿಯ ಗುಳಿಗೆಯನ್ನು ಪುಟ್ಟ ಯಂತ್ರದಲ್ಲಿಟ್ಟು ಚುಚ್ಚಿ, ಜೋರಾಗಿ ಉಸಿರೆಳೆಯಬೇಕು. ಗುಳಿಗೆ ಒಳಗೆ ಗಿರ್ರೆಂದು ತಿರುಗಬೇಕು. ನನ್ನದು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಮೂರು ವಾರ ಕಳೆದರೂ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರಮ್ಮನ ಹತ್ತಿರ ಜಗಳಕ್ಕೇ ಹೋದೆ.

"ಹೇಗೆ ತೊಗೋತೀರ, ಮಾಡಿ ತೋರ್ಸಿ" ಎಂದಳು.

ಯಂತ್ರದ ಮೂತಿಯನ್ನು ಬಾಯಲ್ಲಿಟ್ಟು ಎಂಜಲಲ್ಲಿ ಚೆನ್ನಾಗಿ ನೆನೆಸಿದೆ. ಹದ ನೋಡಲು ಸಣ್ಣಗೆ ಒಂದು ಸಲ ಊದಿದೆ. ಪುಡಿಯೆಲ್ಲ ಡಾಕ್ಟರಮ್ಮನ ಕನ್ನಡಕದ ಮೇಲೆ.

"ದಿನಾ ಹೀಗೇನಾ ತಾತಾ?"

"ನಾಗಸ್ವರದ ಬಾಯಿಗಿಡೋ ಸೀವಾಳಿ ನೆನೆಸದೆ, ಒಂದ್ಸಲ ಊದಿ ನೋಡದೆ, ಯಾರಾದ್ರೂ ವಾದ್ಯ ಹಿಡೀತಾರೇನಮ್ಮಾ?"

"ಒದ್ದೆಯಾದ್ರೆ ಪುಡಿ ಅಲ್ಲೇ ಅಂಟ್ಕೊಳ್ಳುತ್ತೆ. ಊದಿದ್ರೆ ಹಾರಿಹೋಗುತ್ತೆ. ಮೂರು ವಾರ ನೀವು ಔಷಧಿನೇ ತೊಗೊಂಡಿಲ್ಲ."

ಅತ್ತಿಗೆ ಬಿಟ್ಟಾಳೆಯೇ? "ಇವ್ರಿಗೆ ಊದೋದೊಂದೇ ಗೊತ್ತಮ್ಮಾ. ಇನ್ನೊಬ್ರು ಕೊಟ್ಟಿದ್ದನ್ನ ಒಳಗೆ ತೊಗೊಂಡು ಅಭ್ಯಾಸವೇ ಇಲ್ಲ" ಎಂದಳು.

ಈಗ ಒಣಗಿದ ಮೂತಿಯಿಂದಲೇ ಎಳೆಯುತ್ತೇನೆ. ಗಿರ್ರೆನ್ನುವುದು ಯಾವ ಶ್ರುತಿಗೂ ಸೇರದು, ಆದರೂ ಕೇಳಲು ಹಿತ. ಆಮೇಲೆ ಬಾಯಿ ಮುಕ್ಕಳಿಸಬೇಕು, ಅತ್ತಿಗೆ ಚೊಂಬು ಹಿಡಿದು ಕಾವಲು ನಿಲ್ಲುತ್ತಾಳೆ. ನಿನ್ನೆ ಅರ್ಧ ಗಂಟೆ ತೋಡಿ ರಾಗ ನುಡಿಸಿದೆ. ಉದ್ದದ ಸ್ವರ ಮಾತ್ರ ನಡುವೆ ತುಂಡಾಗುತ್ತದೆ. ಮದುವೆಗೆ ಬರುತ್ತೇನೆ.

ಮಗು ನೂರು ವರ್ಷ ಮುತ್ತೈದೆಯಾಗಿ ಬಾಳಲಿ. ನಿನ್ನ ಹೆಂಡತಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಣ್ಣ,
ವೈತಿಲಿಂಗ

ವಿ.ಸೂ.: ಉಸಿರು ಯಾವಾಗಿಂದ ತುಂಡಾಗುತ್ತಿದೆ ಎಂದು ಡಾಕ್ಟರಮ್ಮ ಕೇಳಿದ್ದಕ್ಕೆ ಐದು ವರ್ಷ ಎಂದೆ. ಸುಳ್ಳು. ಹನ್ನೊಂದು ವರ್ಷದ ಹಿಂದಿನ ಆ ಸಂಗೀತ ಕಚೇರಿಯಲ್ಲಿ ನೀನು ನನ್ನ ಸ್ವರದ ನಡುವೆ ಬಂದೆ, ನಾನು ತುಂಬಿದ ಸಭೆಯಲ್ಲಿ ನಿನ್ನನ್ನು ಸ್ವರಗಳ್ಳ ಎಂದೆ, ನೀನು ತಲೆ ತಗ್ಗಿಸಿ ಎದ್ದುಹೋದೆ. ಅಂದೇ ನನ್ನ ಉಸಿರು ಮುಗಿದಿತ್ತು. ಅದು ಯಾರಿಗೂ ಗೊತ್ತಾಗದಂತೆ ನೀನು ನನ್ನ ಸ್ವರ ಬೀಳದ ಹಾಗೆ ಹಿಡಿದುಕೊಂಡಿದ್ದೆ. ಅದು ನನಗೆ ಆಗಲೇ ಗೊತ್ತಿತ್ತು, ತಮ್ಮಾ. ಮದುವೆಯಲ್ಲೂ ತುಂಡಾದೀತು. ಹಿಡಿದುಕೋ.