ಮಾನ್ಯಾಳ ಕೋಣೆಯ ಹಾವು

ಲೂಕನ್
17 ನವೆಂಬರ್ 2024

ಮಾನ್ಯಾಳ ಅಪ್ಪನಿಗೆ ಜಯಶೀಲಾ ಮಾಡುವ ನಮಸ್ಕಾರ.

ಮಗಳು ತೀರಿಕೊಂಡು, ನೀವು ಟಾಲಾದಲ್ಲಿ ಬೇರೆ ಮನೆ ಮಾಡಿದ ಮೇಲೆ ಇದೇ ನನ್ನ ಮೊದಲ ಕಾಗದ. ಫೋನಿನಲ್ಲಿ ನಿಮ್ಮ ಧ್ವನಿ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ. ವಿಷಯ ಅವಳ ಹಾವಿನದು. ಬಿಸ್ಕೆಟ್‌ಗೆ ಗಾಯವಾಗಿದೆ.

ಅಕ್ಟೋಬರ್ ಮೊದಲಲ್ಲಿ ಒಂದು ಸಂಜೆ ಡ್ಯೂಟಿ ಮುಗಿಸಿ ಬಂದಾಗ ಅದು ನೀರಿನ ಬಟ್ಟಲಲ್ಲಿ ಸುರುಳಿ ಸುತ್ತಿಕೊಂಡಿತ್ತು. ಎತ್ತಿ ನೋಡಿದರೆ ಹೊಟ್ಟೆಯ ಹುರುಪೆಗಳು ಕಂದಿ, ಅಲ್ಲಲ್ಲಿ ಎದ್ದು, ಕೆಳಗಿನ ಕೆಂಪು ಕಾಣುತ್ತಿತ್ತು. ಗಾಜಿನ ಪೆಟ್ಟಿಗೆಯಡಿ ಅದಕ್ಕೆ ಕಾವು ಕೊಡುವ ಹೀಟ್ ಮ್ಯಾಟ್ ಮುಟ್ಟಿದೆ, ಕೈ ಚುರುಕ್ಕೆಂದಿತು. ಅದರ ಗುಂಡಿಯನ್ನು ಯಾರೋ ಕೊನೆಯವರೆಗೂ ತಿರುಗಿಸಿದ್ದರು. ಈ ಮನೆಯಲ್ಲಿ ಇರುವವಳು ನಾನೊಬ್ಬಳೇ.

ಆಮೇಲೆ ಗಮನಿಸತೊಡಗಿದೆ. ಬೆಳಿಗ್ಗೆ ಮುಚ್ಚಿ ಹೋದ ಅವಳ ಕೋಣೆಯ ಬಾಗಿಲು ಸಂಜೆಗೆ ಅರೆ ತೆರೆದಿರುತ್ತಿತ್ತು. ಬಟ್ಟಲಲ್ಲಿ ಹೊಸ ನೀರು. ಹಾಸಿಗೆಯ ಅಂಚಿನಲ್ಲಿ ಯಾರೋ ಕೂತೆದ್ದ ತಗ್ಗು. ಪಕ್ಕದ ಮನೆಯ ವನಜಾಗೆ ಹೇಳಿಕೊಂಡೆ. “ಅಕ್ಕ, ಮಗು ಇನ್ನೂ ಇಲ್ಲೇ ಐತೆ. ಹಾವು ಬಿಟ್ಟು ಅದು ಎಲ್ಲಿಗೆ ಹೋಗುತ್ತೆ ಹೇಳಿ?” ಅಂದಳು. ಡಾಕ್ಟರಾದ ನಾನು ನಕ್ಕುಬಿಡಬೇಕಿತ್ತು. ನಗು ಬರಲಿಲ್ಲ. ಮರುದಿನದಿಂದ ಕೆಲಸಕ್ಕೆ ಹೊರಡುವಾಗ “ಹೋಗ್ಬರ್ತೀನಿ ಪುಟ್ಟಿ” ಎಂದು ಮಹಡಿಯ ಕಡೆ ಕೂಗತೊಡಗಿದೆ. ಆ ತಗ್ಗು ಹಾಗೇ ಇರಲೆಂದು ಹಾಸಿಗೆ ಕೊಡವಲಿಲ್ಲ.

ಹಾವಿನ ಡಾಕ್ಟರಮ್ಮ ಪೆಟ್ಟಿಗೆಯೊಳಗಿನ ಮರದ ಹೊಟ್ಟು ತೆಗೆಸಿ, ಅಡುಗೆಮನೆಯ ಪೇಪರ್ ಹಾಸಿಸಿದ್ದಾಳೆ. ದಿನವೂ ಗಾಯ ತೊಳೆದು ಮುಲಾಮು ಹಚ್ಚುತ್ತೇನೆ. ಒಮ್ಮೆ ಪೊರೆ ಬಿಟ್ಟಿತು. ಗಾಯದ ಜಾಗದಲ್ಲಿ ಅದು ಹರಿದು ಅಂಟಿಕೊಂಡಿತ್ತು, ಒದ್ದೆ ಬಟ್ಟೆಯಲ್ಲಿ ನೆನೆಸಿ ಬಿಡಿಸಿದೆ. ಇನ್ನೂ ಕೆಲವು ಸಲ ಪೊರೆ ಬಿಟ್ಟರೆ “ಗ್ರ್ಯಾಂಡ್” ಆಗುತ್ತದಂತೆ, ಇಲ್ಲಿಯವರ ಮಾತಿನಲ್ಲಿ ಸರಿಹೋಗುತ್ತದೆ ಅಂತ; ಕಲೆ ಮಾತ್ರ ಹೋಗುವುದಿಲ್ಲವಂತೆ. ಆದರೆ ಈ ವಾರ ಮತ್ತೆ ಕೀವು ಕಂಡಿದೆ. ಇಂಜೆಕ್ಷನ್ ಕೊಡಬೇಕು, ಅದಕ್ಕೆ ಇಬ್ಬರು ಬೇಕು. ವನಜಾ ಕಣ್ಣು ಮುಚ್ಚಿಕೊಂಡೇ ಹಿಡಿಯುತ್ತಾಳೆ. ಅವಳು ಬೆಚ್ಚಿದರೆ ಹಾವೂ ಬೆದರುತ್ತದೆ. ಹೀಗೇ ಆದರೆ ಅದು ಉಳಿಯುತ್ತದೆಂಬ ಧೈರ್ಯ ನನಗಿಲ್ಲ. ಮಗಳದೆಂದು ಉಸಿರಾಡುತ್ತ ಉಳಿದಿರುವುದು ಅದೊಂದೇ.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಜಯಶೀಲಾ

ವಿ.ಸೂ.: ಮೊನ್ನೆ ಗುರುವಾರ ಬೇಗ ಬಂದೆ. ರಸ್ತೆಯಾಚೆಯಿಂದಲೇ ಮಾನ್ಯಾಳ ಕಿಟಕಿಯಲ್ಲಿ ನೀವು ಕಂಡಿರಿ. ಬಿಸ್ಕೆಟ್‌ನ ಹೊಟ್ಟೆಯನ್ನು ಮುಖದ ಹತ್ತಿರ ಹಿಡಿದು, ಮಗುವಿನ ಗಾಯಕ್ಕೆ ಊದುವ ಹಾಗೆ ಊದುತ್ತಿದ್ದಿರಿ. ನೀವು ಹೊರಡುವವರೆಗೂ ಬಸ್ ಸ್ಟಾಪಿನಲ್ಲಿ ಕೂತಿದ್ದೆ. ಕೋಪದಿಂದಲ್ಲ. ಬಂದುಹೋಗುತ್ತಿದ್ದವಳು ಅವಳಲ್ಲ ಎಂದು ಒಪ್ಪಿಕೊಳ್ಳಲು ಅಷ್ಟು ಹೊತ್ತು ಹಿಡಿಯಿತು. ಗುಂಡಿ ಯಾಕೆ ತಿರುಗಿಸಿದಿರಿ ಎಂದು ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಅವಳು “ಡ್ಯಾಡ್, ಐ ಆಮ್ ಫ್ರೀಜಿಂಗ್” ಅನ್ನುವಾಗ, ನೀವು ಕಂಬಳಿಯ ಮೇಲೆ ಕಂಬಳಿ ಹೊದಿಸುವಾಗ, ನಾನೂ ಅಲ್ಲೇ ಇದ್ದೆ. ಬರುವ ಭಾನುವಾರ ಇಂಜೆಕ್ಷನ್ ಇದೆ. ನಿಮ್ಮ ಹಳೆಯ ಕೀ ಜೇಬಿನಲ್ಲೇ ಇರಲಿ. ಬೆಲ್ ಮಾಡಿ, ನಾನೇ ಬಾಗಿಲು ತೆಗೆಯುತ್ತೇನೆ.