ಬೇವಿನ ಗಿಡದ ಬುಡಕ್ಕೆ

ದೋರನಹಳ್ಳಿ

ಡಾಕ್ಟರ್ ಉಮಾಶ್ರೀ ಅವರಿಗೆ ಶರಣು ಶರಣಾರ್ಥಿ.

ನನ್ನ ಹೆಂಡತಿ ಗೊಲ್ಲಾಳಮ್ಮ ಸೋಮವಾರ ಮನೆಯಲ್ಲೇ ತೀರಿಕೊಂಡಳು. ನೀವು ಕೊಟ್ಟ ಔಷಧಿಯಿಂದ ಕೊನೆಯವರೆಗೂ ನರಳಲಿಲ್ಲ.

ಕ್ಯಾನ್ಸರ್ ಎಂಬುದನ್ನು ಮುಚ್ಚಿಟ್ಟು, ನಾವೆಲ್ಲ ಅವಳಿಗೆ ಗ್ಯಾಸ್ ಎನ್ನುತ್ತಿದ್ದೆವು. ಅವಳು ಕೇಳಿದ ಕೂಡಲೇ ನೀವು ನಿಜ ಹೇಳಿಬಿಟ್ಟಿರಿ. ವೈದ್ಯಧರ್ಮದ ಬಗ್ಗೆ ಓದಿದ್ದನ್ನೆಲ್ಲ ಒಪ್ಪಿಸಿ ನಾನು ನಿಮ್ಮ ಮೇಲೆ ಕೂಗಾಡಿದೆ.

ಮನೆಗೆ ಬಂದವಳೇ ನಕ್ಕಳು. "ನಿಮ್ಮ ಗ್ಯಾಸಿನ ನಾಟಕ ನೋಡಿ ನೋಡಿ ಸಾಕಾಗಿತ್ರಿ. ಈಗ ಕೇಳ್ರಿ. ನಿಮ್ಮವ್ವನ ಮಗ್ಗಲಿಗೆ ನನ್ನ ಮಣ್ಣು ಮಾಡಬ್ಯಾಡ್ರಿ. ಆಕಿ ಇರೂತನಾ ಏಗೀನಿ, ಅಲ್ಲೂ ಆಕೀನ ಬ್ಯಾಡ. ಹೊಲದಾಗ ಬೇವಿನ ಗಿಡದ ಬುಡಕ್ಕ ಇಡ್ರಿ."

ನಮ್ಮ ಮನೆತನದಲ್ಲಿ ಸೊಸೆಯನ್ನು ಅತ್ತೆಯ ಪಕ್ಕದಲ್ಲೇ ಹೂಳುವುದು ರೂಢಿ. ಅವಳು ಹೇಳದಿದ್ದರೆ ಹಾಗೇ ಮಾಡುತ್ತಿದ್ದೆವು.

ನನ್ನ ತಂದೆಗೆ ಅಂದಿನ ಡಾಕ್ಟರರೆಲ್ಲ ಕೊನೆಯ ದಿನದವರೆಗೂ ‘ಆರಾಮ ಆಗ್ತೀರಿ’ ಎಂದೇ ಹೇಳಿದರು. ಅಪ್ಪನಿಗೆ ಏನು ಬೇಕಿತ್ತೋ ಇಂದಿಗೂ ನಮಗೆ ಗೊತ್ತಿಲ್ಲ. ನನ್ನ ಸಿಟ್ಟು ಸಲ್ಲಬೇಕಾದದ್ದು ಆ ಡಾಕ್ಟರರಿಗೆ, ನಿಮಗಲ್ಲ.

ಉಳಿದ ಔಷಧಿಯನ್ನು ಮಗ ಮಲ್ಲು ತರುತ್ತಿದ್ದಾನೆ, ವಾಪಸ್ ತೆಗೆದುಕೊಳ್ಳಿ. ನನ್ನ ಹೊತ್ತು ಬಂದಾಗ ಅವನು ಗ್ಯಾಸ್ ಎಂದರೂ ನೀವು ನನಗೇ ನಿಜ ಹೇಳಿ. ನನ್ನವ್ವ ಮುನಿಸಿಕೊಂಡರೂ ಸರಿ, ನನ್ನನ್ನೂ ಬೇವಿನ ಬುಡಕ್ಕೇ ಇಡು ಎಂದು ನಾನೂ ಅವನಿಗೆ ಹೇಳಬೇಕು.

ನಿಮ್ಮ,
ಸೂಗಪ್ಪ